ಹುಬ್ಬಿನ ಗೆರೆಯನ್ನು ಬಿಡದೆ ಬರೆಯಿರಿ

ನನ್ನ ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಸಣ್ಣ ಗೆರೆಯಿದೆ. ಒಂಬತ್ತನೆಯ ವಯಸ್ಸಿನಲ್ಲಿ, ಮಂಡ್ಯದ ಹತ್ತಿರದ ನಮ್ಮೂರ ಗದ್ದೆಯಲ್ಲಿ ಕಬ್ಬಿನ ಗರಿ ಕೊಯ್ದ ಗುರುತು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಮೂರು ಸಲ ನನ್ನ ಮುಖದ ಚಿತ್ರ ಬರೆದೆ. ಮೂರರಲ್ಲೂ ಆ ಗೆರೆ ಇರಲಿಲ್ಲ. ಮರೆತದ್ದಲ್ಲ, ನನಗೆ ಅದು ಬೇಡವಾಗಿತ್ತು.

ನಿಮ್ಮ ಮುಖದ ಚಿತ್ರವನ್ನು ನೀವೇ ಬರೆಯುವಾಗ ಹಾಗೆ ಏನನ್ನೂ ಬಚ್ಚಿಡಬೇಡಿ. ಫೋಟೋ ಬೇಡ, ಕನ್ನಡಿ ನೋಡಿ ಬರೆಯಿರಿ. ಕಾಲು ಗಂಟೆ ಸುಮ್ಮನೆ ಕುಳಿತರೆ ಫೋಟೋಗೆಂದು ಬಿಗಿದುಕೊಳ್ಳುವ ಮುಖ ತಾನಾಗಿ ಸಡಿಲವಾಗುತ್ತದೆ. ಬರೆಯಬೇಕಾದದ್ದು ಆ ಮುಖವನ್ನು. ಎಚ್‌ಬಿ, 2ಬಿ, 6ಬಿ ಪೆನ್ಸಿಲ್ ಸಾಕು; ಬಿಯ ಮುಂದಿನ ಅಂಕಿ ಹೆಚ್ಚಿದಷ್ಟೂ ಸೀಸ ಮೆದು, ಗೆರೆ ಕಪ್ಪು.

ಬೆಳಕು ಒಂದೇ ಕಡೆಯಿಂದ ಬೀಳಲಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಕಾರ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡಿ ಬನ್ನಿ; ಒಂದು ದೀಪ ಒಂದು ಮುಖಕ್ಕೆ ಏನೆಲ್ಲ ಮಾಡಬಲ್ಲದು ಎಂಬುದು ತಿಳಿಯುತ್ತದೆ. ನಾನು ಬೆಳಗ್ಗೆ ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತೇನೆ.

ಮೊದಲು ಎಚ್‌ಬಿಯಲ್ಲಿ ತೆಳುವಾಗಿ ಮೊಟ್ಟೆಯಾಕಾರ. ನೆತ್ತಿಗೂ ಗದ್ದಕ್ಕೂ ಸರಿಸುಮಾರು ನಡುವೆ ಕಣ್ಣುಗಳು. ಎಲ್ಲರೂ ಅವನ್ನು ಮೇಲಕ್ಕೆ ಬರೆದುಬಿಡುತ್ತಾರೆ, ಹಣೆ ಗಿಡ್ಡವಾಗುತ್ತದೆ. ಕಣ್ಣುಗಳ ನಡುವಿನ ಅಂತರ ಸುಮಾರು ಒಂದು ಕಣ್ಣಿನಷ್ಟು. ಇದು ಬರೀ ಅಂದಾಜು. ನಿಮ್ಮ ಮುಖ ಇದನ್ನು ಎಲ್ಲಿ ಮೀರುತ್ತದೆಯೋ ಅಲ್ಲೇ ನೀವು ಇರುತ್ತೀರಿ. ಅಳತೆ ಮಾಡಿದ ದಿನ ನನ್ನ ಮೇಲ್ದುಟಿ ಅಪ್ಪನದೆಂದು ಗೊತ್ತಾಯಿತು.

ಆಮೇಲೆ ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಿವರಗಳು ಕರಗಿ ನೆರಳುಗಳಷ್ಟೇ ಉಳಿಯುತ್ತವೆ. ಮೂಗಿಗೆ ಗೆರೆ ಎಳೆಯದೆ ಅದರ ಪಕ್ಕದ ನೆರಳನ್ನು 2ಬಿಯಲ್ಲಿ ತುಂಬಿ. 6ಬಿ ಕಣ್ಣಪಾಪೆಗೆ, ಕೂದಲಿನ ಒಳಗತ್ತಲೆಗೆ.

ರಬ್ಬರನ್ನು ದೂರವಿಡಿ. ಮುಂದೆ ಜರ್ಮನಿಯ ದೊಡ್ಡ ಚಿತ್ರಕಾರನಾದ ಡ್ಯೂರರ್, 1484ರಲ್ಲಿ ಹದಿಮೂರರ ಹುಡುಗನಾಗಿದ್ದಾಗ ಕನ್ನಡಿ ನೋಡಿ ತನ್ನನ್ನು ಬರೆದುಕೊಂಡದ್ದು ಪೆನ್ಸಿಲ್‌ನಂತೆ ಹಿಡಿಯುವ ಬೆಳ್ಳಿಯ ಮೊನೆಯಿಂದ. ಅದರ ಗೆರೆಯನ್ನು ಸುಲಭವಾಗಿ ಅಳಿಸಲಾಗದು. ತಪ್ಪಿದ ಗೆರೆ ಇರಲಿ, ಪಕ್ಕದಲ್ಲಿ ಸರಿಯಾದುದನ್ನು ಎಳೆಯಿರಿ.

ನಾಲ್ಕನೆಯ ಚಿತ್ರದಲ್ಲಿ ಹುಬ್ಬಿನ ಗೆರೆಯನ್ನು ಬರೆದೆ. ಅಮ್ಮ ನೋಡಿ, "ಗಾಯ ಆ ಕಡೆ ಅಲ್ಲ ಕಣೇ, ಈ ಕಡೆ" ಎಂದು ಚಿತ್ರದ ಇನ್ನೊಂದು ಹುಬ್ಬನ್ನು ಮುಟ್ಟಿ ತೋರಿಸಿದರು. ಕನ್ನಡಿ ಎಡಬಲವನ್ನು ಅದಲುಬದಲು ಮಾಡಿತ್ತು. ಈಗ ಎರಡು ಕನ್ನಡಿಗಳನ್ನು ಪುಸ್ತಕ ತೆರೆದಂತೆ ಲಂಬಕೋನದಲ್ಲಿ ಜೋಡಿಸಿ, ನಡುವಿನ ಸಂದಿಗೆ ಮುಖ ಮಾಡಿ ಕುಳಿತಿದ್ದೇನೆ. ಅದರಲ್ಲಿ ಕಾಣುವುದು ಅಮ್ಮ ನೋಡುವ ಮುಖ.