ಭಾರ ಹಾಕಿದ್ದು ಒಂದೊಂದೇ ದಿನದ್ದು: ನನ್ನ ಅನುಭವ

"ಒಂದು ಕಳಕೊಂಡರೂ ಬುದ್ಧಿ ಬರಲಿಲ್ಲೇನೋ ನಿನಗ?"

ಈಜು ಕಲಿಸಲೆಂದು ಮಗಳ ಸೊಂಟಕ್ಕೆ ಖಾಲಿ ಕ್ಯಾನ್ ಕಟ್ಟಿ ನಮ್ಮ ಕೃಷಿ ಹೊಂಡಕ್ಕೆ ಇಳಿಸಿದ ದಿನ ದೊಡ್ಡಪ್ಪ ದಂಡೆಯ ಮೇಲೆ ನಿಂತು ಬೈದದ್ದು ಹೀಗೆ. ಮಗ ಹೋಗಿದ್ದೂ ಅದೇ ಹೊಂಡದಲ್ಲಿ. ಆಗ ಅವನಿಗೆ 11, ಇವಳಿಗೆ 8. ಈಗ ಇವಳು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದಾಳೆ. ನಾನು ಇಲ್ಲಿ ವಿಜಯಪುರ ಜಿಲ್ಲೆಯ ಟಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ರಾತ್ರಿ ನಿದ್ದೆ ಮಾಡುತ್ತೇನೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷದ ಕಥೆ ನಮ್ಮಂಥವರಿಗೆ ಹೇಳಬೇಕಿಲ್ಲ. ನಾನು ಎಡವಿದ್ದು ಅದರ ನಂತರ. ದೇವರ ಮೇಲೆ ಭಾರ ಹಾಕು ಅಂತ ಎಲ್ಲರೂ ಅಂದರು, ನಾನು ರೊಕ್ಕ ಹಾಕಿದೆ. ತಾಯತ, ಜಾತಕ, ಶಾಂತಿ. ನೀರಿನ ಗಂಡಾಂತರ ಇವಳಿಗೂ ಇದೆ ಅಂದರೊಬ್ಬರು, ಅದರ ಶಾಂತಿಗೇ 21 ಸಾವಿರ. ಶಾಲೆಯ ವ್ಯಾನ್ ಬಿಡಿಸಿ ಎರಡು ವರ್ಷ ನಾನೇ ಬೈಕ್ ಮೇಲೆ ಕರೆದೊಯ್ದೆ. ಆ ಗಡಿಬಿಡಿಯಲ್ಲಿ ಒಂದು ವರ್ಷ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ತಡವಾಗಿ, ಔಷಧ ಹೊಡೆಯುವುದೂ ತಪ್ಪಿ, ದಾವಣಿ ರೋಗ ಬಿದ್ದು ಗೊನೆ ಉದುರಿತು. ಆ ವರ್ಷದ ಮಣೂಕ (ಒಣದ್ರಾಕ್ಷಿ) ಎರಡು ಟನ್ನೂ ಆಗಲಿಲ್ಲ. ಎಲ್ಲ ಸೇರಿ ಕಳಕೊಂಡದ್ದು ನಾಲ್ಕು ಲಕ್ಷ ದಾಟಿರಬೇಕು. ಸರಿಯಾದ ಲೆಕ್ಕ ಮನೆಯಾಕೆಯ ಹತ್ತಿರ ಇದೆ, ಕೇಳುವ ಧೈರ್ಯ ನನಗಿಲ್ಲ.

ರಾತ್ರಿ ಎದ್ದು ಮಗಳ ಮೂಗಿನ ಮುಂದೆ ಬೆರಳು ಹಿಡಿದು ನೋಡುವುದೊಂದು ಚಾಳಿ ಅಂಟಿತ್ತು. ಒಂದು ರಾತ್ರಿ ಕಣ್ಣು ಮುಚ್ಚಿಕೊಂಡೇ ಅಂದಳು: "ಅದೀನಿ ಅಪ್ಪಾ, ಹೋಗಿ ಮಲ್ಕೋ." ನಾನು ಬಂದು ಹೋಗುವವರೆಗೆ ಆಕೆ ದಿನಾ ಎಚ್ಚರ ಇರುತ್ತಿದ್ದಳಂತೆ.

ಅಲ್ಲಿಂದ ಅಳತೆ ಇಳಿಸಿದೆ. ಇಡೀ ಜನ್ಮದ ಭಾರ ಒಮ್ಮೆಲೇ ಹಾಕಲು ಹೋದರೆ ಅದು ಜಾರಿ ನನ್ನ ಹೆಗಲಿಗೇ ಬರುತ್ತಿತ್ತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ದೇವರ ಜಗಲಿ ಮುಂದೆ ನಿಂತು, ಅವತ್ತಿನ ಒಂದೇ ಕೆಲಸ ಸಿದ್ಧರಾಮೇಶ್ವರನಿಗೆ ಒಪ್ಪಿಸುವುದು: "ಇವತ್ತ ಸೈಕಲ್ ಮ್ಯಾಲ ಹೋಗತಾಳ." ಸಂಜೆಯವರೆಗೆ ಬೆನ್ನು ಹತ್ತುವಂತಿಲ್ಲ, ಶಾಲೆಗೆ ಫೋನ್ ಮಾಡುವಂತಿಲ್ಲ. ಮೂರನೇ ದಿನಕ್ಕೇ ಸೋತೆ. ಕಬ್ಬಿನ ಮರೆಯಲ್ಲಿ ಬೈಕ್ ನಿಲ್ಲಿಸಿ ಕದ್ದು ನೋಡಿದೆ. ಸೋತರೆ ಸಂಜೆ ಜಗಲಿಗೆ ಹೇಳಿ, ಮರುದಿನ ಅದೇ ಕೆಲಸ ಮತ್ತೆ. ಸೈಕಲ್ ಒಂದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಒಪ್ಪಿಸುವಾಗ ಕೊನೆಗೆ ಅನ್ನುವ ಮಾತೊಂದಿದೆ, ಅದನ್ನು ಬರೆಯುವುದಿಲ್ಲ.

ದೇವರಿದ್ದಾನೆಂದು ಹೊಂಡಕ್ಕೆ ಬೇಲಿ ಹಾಕದೆ ಬಿಡಲಿಲ್ಲ. ಹೊಂಡದ ಪ್ಲಾಸ್ಟಿಕ್ ಹಾಳೆಗೆ ಹಾವಸಿ (ಪಾಚಿ) ಹಿಡಿದರೆ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ. ನಾಲ್ಕೂ ಮೂಲೆಗೆ ಗೂಟ ಬಡಿದು, ಗೇಣಿಗೊಂದು ಗಂಟು ಹಾಕಿದ ಹಗ್ಗ ನೀರಿನ ತಳದವರೆಗೆ ಬಿಟ್ಟೆ. ಬೇಲಿ, ಹಗ್ಗ, ಟ್ಯೂಬ್ ಸೇರಿ 18 ಸಾವಿರದ ಆಸುಪಾಸು, ಆ ಒಂದು ಶಾಂತಿಗಿಂತ ಕಡಿಮೆ. ಬೇಲಿ ಮುಂದಿನ ಹಂಗಾಮಿಗೆ ನೋಡೋಣ ಅಂದಿದ್ದವನು ನಾನೇ. ಮಗಳು ಎರಡು ಬೇಸಿಗೆಯಲ್ಲಿ ಈಜು ಕಲಿತಳು. ಈಗ ದೊಡ್ಡಪ್ಪನೇ ಮೊಮ್ಮಕ್ಕಳನ್ನು ನಮ್ಮ ಹೊಂಡಕ್ಕೆ ಕಳಿಸುತ್ತಾನೆ.

ನಡುವೆ ಇನ್ನೊಂದು. 2015ರಲ್ಲಿ ಹೆಣ್ಣುಮಕ್ಕಳ ಹೆಸರಿನ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿ ಬಂದಿತ್ತು. ಹುಡುಗಿಗೆ 10 ದಾಟಿದರೆ ಖಾತೆ ತೆರೆಯುವುದಿಲ್ಲ, ಇವಳಿಗೆ 9 ನಡೆದಿತ್ತು. ಆಗ ಕನಿಷ್ಠ 1,000 ಕಟ್ಟಬೇಕು. ಮಗನ ಹುಂಡಿ ಒಡೆದೆ, ಸಾವಿರದ ನೂರರ ಮೇಲೆ ಚಿಲ್ಲರೆ ಇತ್ತು. ಮನೆಯಾಕೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಇವಳಿಗೆ 18 ತುಂಬಿದ ಮೇಲೆ ಓದಿಗೆಂದು ಅದರಲ್ಲೇ ಅರ್ಧ ತೆಗೆದು ಹಾಸ್ಟೆಲ್ ಖರ್ಚಿಗೆ ಇಟ್ಟೆವು.

ಹಿಟ್ನಳ್ಳಿಯ ಕೃಷಿ ಕಾಲೇಜು ಮನೆಗೆ ಹತ್ತಿರ. ಅಲ್ಲಿಗೇ ಹಾಕು ಅಂತ ಊರೆಲ್ಲ ಅಂದರು. ಆಕೆ ಧಾರವಾಡ ಅಂದಳು. ನಮ್ಮಲ್ಲಿಂದ ಸುಮಾರು 200 ಕಿಲೋಮೀಟರ್. ಬಸ್ಸಿಗೆ ಹತ್ತಿಸಿ ಬಂದ ದಿನ ಜಗಲಿ ಮುಂದೆ ನಿಲ್ಲಲಾಗಲಿಲ್ಲ, ಕೂತೇ ಒಪ್ಪಿಸಿದೆ.

ಮೊನ್ನೆ ಸೋಮವಾರ ರಾತ್ರಿ ಎಂಟಕ್ಕೆ ಬರಬೇಕಾದ ಫೋನ್ ಬರಲಿಲ್ಲ. ಹತ್ತೂವರೆಗೆ ಬಂತು.

"ಚಾರ್ಜ್ ಇರಲಿಲ್ಲ ಅಪ್ಪಾ. ಉಂಡಿ ಏನು?"

ಉಂಡಿದ್ದೆ. ಎರಡು ರೊಟ್ಟಿ, ಮೇಲೆ ಮಜ್ಜಿಗೆ.