ಮೊಣಕಾಲಿನ ಮೇಲಿನ ಮುರಿತಕ್ಕೆ ನೇಲ್: ಹಾಸನದಲ್ಲಿ ನನ್ನ ಅನುಭವ

ತೊಡೆಮೂಳೆಯ ಕೆಳತುದಿಯ ಮುರಿತಕ್ಕೆ ರೆಟ್ರೋಗ್ರೇಡ್ ನೇಲ್ (ಮಂಡಿಯ ಕಡೆಯಿಂದ ಮೂಳೆಯ ಟೊಳ್ಳಿನೊಳಗೆ ಮೇಲಕ್ಕೆ ತೂರಿಸುವ ಲೋಹದ ಸರಳು) ಹಾಕುತ್ತೇನೆ ಎಂದಾಗ ಹಾಸನದ ನಮ್ಮ ಸರ್ಜನ್ ಸ್ನೇಹಿತರಲ್ಲಿ ಒಪ್ಪಿದವರು ಕಡಿಮೆ. "ಅಷ್ಟು ಕೆಳಗಿನ ತುಂಡು ನೇಲ್‌ಗೆ ನಿಲ್ಲಲ್ಲ ಸಾರ್, ಸುಮ್ನೆ ಲಾಕಿಂಗ್ ಪ್ಲೇಟ್ ಹಾಕಿ" ಎಂದರು. ಅಂದರೆ ಮೂಳೆಯ ಮೇಲೆ ಕೂರಿಸಿ ಸ್ಕ್ರೂ ಬಿಗಿಯುವ ಲೋಹದ ಪಟ್ಟಿ. ಈಗ ಅವರೇ ವಾಟ್ಸಾಪ್‌ನಲ್ಲಿ ಎಕ್ಸ್‌ರೇ ಕಳಿಸಿ, ಇದಕ್ಕೆ ನೇಲ್ ಆಗುತ್ತಾ ಎಂದು ಕೇಳುತ್ತಾರೆ.

ಸಕಲೇಶಪುರ ಕಡೆ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವಾಗ ಬಿದ್ದವರು ಬರುತ್ತಾರೆ. ಅವರದು ಗಟ್ಟಿ ಮೂಳೆ, ಹೇಗೋ ಆಗುತ್ತದೆ. ಕಷ್ಟ ಬಚ್ಚಲಲ್ಲಿ ಜಾರಿದ ಅಜ್ಜಿಯರದು. ಪ್ಲೇಟ್ ಹಾಕಿ ಎರಡು ಮೂರು ತಿಂಗಳು ಕಾಲೂರಬೇಡಿ ಎಂದರೆ ಒಂಟಿ ಕಾಲಲ್ಲಿ ವಾಕರ್ ಹಿಡಿದು ನಡೆಯಲು ಅವರ ಕೈಲಿ ಆಗಲ್ಲ. ಮಲಗಿಬಿಡುತ್ತಾರೆ. ಆಮೇಲೆ ಬೆನ್ನುಹುಣ್ಣು, ಎದೆ ಕಫ.

ಆಲೂರು ಕಡೆಯ ಒಬ್ಬ ಅಜ್ಜಿಗೆ ಬೇರೆ ಕಡೆ ಹಾಕಿದ್ದ ಪ್ಲೇಟ್ ಮುರಿತದ ಜಾಗದಲ್ಲೇ ತುಂಡಾಗಿತ್ತು. ಮೊದಲ ಆಪರೇಷನ್‌ಗೇ ಲಕ್ಷದ ಹತ್ತಿರ ಹೋಗಿತ್ತಂತೆ. "ಡಾಕ್ಟ್ರೇ, ಅವ್ವ ಮತ್ತೆ ನಡೀತಾಳಾ?" ಎಂದ ಮಗ. ಅವತ್ತೇ ಗಟ್ಟಿ ಮಾಡಿಕೊಂಡೆ, ನೇಲೇ ಸರಿ ಎಂದು.

ಕೆಳಗಡೆ ಮೂಳೆಯ ಟೊಳ್ಳು ಅಗಲ. ಕೊಡದೊಳಗಿನ ಸೌಟಿನ ಹಾಗೆ ನೇಲ್ ಅಲ್ಲಾಡುತ್ತದೆ. ಮೀನಖಂಡದ ಸ್ನಾಯು ಎಳೆದು ಕೆಳಗಿನ ತುಂಡಿನ ಮೇಲ್ತುದಿ ಹಿಂದಕ್ಕೆ ವಾಲುತ್ತದೆ. ನೇಲ್ ತಾನಾಗಿ ಅದನ್ನು ನೇರ ಮಾಡುವುದಿಲ್ಲ. ಹಾಗಾಗಿ ಪೋಲ್ಲರ್ ಸ್ಕ್ರೂ (ನೇಲ್ ಪಕ್ಕಕ್ಕೆ ಸರಿಯದಂತೆ ದಾರಿಗೆ ಅಡ್ಡ ಹಾಕುವ ಸ್ಕ್ರೂ) ಮೊದಲು, ಟೊಳ್ಳನ್ನು ಕೊರೆಯುವ ರೀಮರ್ ಆಮೇಲೆ. ಸ್ಕ್ರೂ ಹಾಕುವುದು ಚಿಕ್ಕ ತುಂಡಿನಲ್ಲಿ, ಮುರಿತಕ್ಕೆ ಹತ್ತಿರ, ಮೂಳೆ ಬಾಗಿ ತಗ್ಗಾದ ಮಗ್ಗುಲಿಗೆ. ಹಿಂದಕ್ಕೆ ವಾಲಿದ್ದರೆ ನೇಲ್‌ನ ಮುಂದೆ ಒಂದು, ಮಂಡಿ ಕೆಳಗಿನ ಕಾಲು ಹೊರಕ್ಕೆ ವಾಲಿ ವ್ಯಾಲ್ಗಸ್ ಆಗಿದ್ದರೆ ಹೊರಮಗ್ಗುಲಿಗೆ ಒಂದು. ಸ್ಕ್ರೂ ಬಿದ್ದ ಮೇಲೆ ನೇಲ್ ತೂರಿಸಿದರೆ, ಆಪರೇಷನ್ ವೇಳೆ ಎಕ್ಸ್‌ರೇ ತೋರಿಸುವ ಸಿ-ಆರ್ಮ್‌ನಲ್ಲಿ ತುಂಡು ತಾನೇ ಎದ್ದು ಸಾಲಿಗೆ ಬರುವುದು ಕಾಣುತ್ತದೆ. ಅದನ್ನು ನೋಡಿದ ನಮ್ಮ ಅನಸ್ತೇಷಿಯಾ ಡಾಕ್ಟರೂ ಭೇಷ್ ಎಂದರು.

ಸ್ಕ್ರೂ ಬದಲು ಸಣ್ಣ ಸರಳಿನಂಥ ದಪ್ಪ ಸ್ಟೀನ್‌ಮನ್ ಪಿನ್ ಹಾಕಿ, ನೇಲ್‌ಗೆ ಅಡ್ಡ ಸ್ಕ್ರೂ ಬಿಗಿದು ಲಾಕ್ ಆದಮೇಲೆ ಪಿನ್ ತೆಗೆದೂ ನೋಡಿದ್ದೇನೆ. ಗಟ್ಟಿ ಮೂಳೆಯವರಿಗೆ ಪರವಾಗಿಲ್ಲ. ಅಜ್ಜಿಯರಿಗೆ ಬೇಡ, ತೆಗೆದ ಮೇಲೆ ಮತ್ತೆ ಸಡಿಲ. ಕಾಲಿನ ನೇರ ನೋಡಲು ಸೊಂಟದ ಕೀಲಿನ ನಡುವಿನಿಂದ ಪಾದದ ಗಿಣ್ಣಿನ ನಡುವಿಗೆ ಕಾಟರಿ (ರಕ್ತ ನಿಲ್ಲಿಸಲು ಸುಡುವ ಯಂತ್ರ) ವೈರ್ ಎಳೆದು ಹಿಡಿಯುತ್ತೇನೆ. ಅದು ಮೊಣಕಾಲಿನ ನಡುಮಧ್ಯೆ ಹಾದರೆ ಸರಿ. ನೇಲ್ ತುದಿ ಕೀಲಿನೊಳಗೆ ಕೂದಲಷ್ಟೂ ಹೊರಗೆ ಉಳಿಯಬಾರದು, ಮಂಡಿಚಿಪ್ಪು ತೇಯುತ್ತದೆ. ಮಂಡಿ ಕೆಳಗೆ ಬಟ್ಟೆಸುರುಳಿ ಎಲ್ಲಿ, ಎಷ್ಟು ದಪ್ಪ ಇಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಆಪರೇಷನ್ ಥಿಯೇಟರಿಗೆ ಬನ್ನಿ, ತೋರಿಸುತ್ತೇನೆ.

ಇಲ್ಲಿಯ ತಯಾರಿಕೆಯ ಟೈಟಾನಿಯಂ ನೇಲ್ ನನಗೆ ಹದಿನೈದು ಸಾವಿರದ ಆಸುಪಾಸು ಬೀಳುತ್ತಿತ್ತು. ಪ್ಲೇಟ್‌ಗೂ ಹೆಚ್ಚುಕಮ್ಮಿ ಅಷ್ಟೇ. ಹಣ ಉಳಿಯುವುದು ಆಮೇಲೆ, ಬೇಗ ಕಾಲೂರಿ ಓಡಾಡುವುದರಿಂದ. ಆಲೂರು ಕಡೆಯ ಆ ಅಜ್ಜಿ ನೇಲ್ ಹಾಕಿದ ಮೂರನೇ ದಿನ ಕಾಲೂರಿ ನಿಂತರು. ನಾಲ್ಕೈದು ತಿಂಗಳಿಗೆ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು.

ಈಗ ಕೀಲಿನೊಳಗೆ ಎರಡು ಹೋಳಾದ ಮುರಿತಕ್ಕೂ ಮೊದಲು ಕ್ಯಾನುಲೇಟೆಡ್ (ನಡುವೆ ತೂತಿರುವ) ಸ್ಕ್ರೂ ಹಾಕಿ ಹೋಳು ಕೂಡಿಸಿ, ನೇಲ್ ತೂರಿಸುತ್ತಿದ್ದೇನೆ. ಆದರೆ ಸಿಟಿ ಸ್ಕ್ಯಾನ್ ಇಲ್ಲದೆ ಕೈ ಹಾಕಬೇಡಿ. ಹಾಫಾ ತುಂಡು (ಕೀಲಿನ ಗುಬ್ಬಿ ಮುಂದೆ-ಹಿಂದೆ ಎಂದು ಸೀಳಿ ಬಿಟ್ಟ ಹೋಳು) ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣಲ್ಲ, ಅಲ್ವಾ? ಅದು ಇದ್ದರೆ ನಾನೂ ಪ್ಲೇಟೇ ಹಾಕುವುದು.