ಎರಡು ಫ್ರೇಮ್‌ಗಳ ಅಂತರದಲ್ಲಿ

"ಕಂಪ್ಯೂಟರಲ್ಲಿ ಬೋರ್ಡ್ ಬರೀತಾನೆ." ಮಗ ಏನು ಕೆಲಸ ಮಾಡ್ತಾನೆ ಅಂತ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಯಾರಾದರೂ ಕೇಳಿದರೆ ಅಪ್ಪ ಕೊಡುತ್ತಿದ್ದ ಉತ್ತರ ಇದು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 2004ರಲ್ಲಿ ಇಂದಿರಾನಗರದ ಒಂದು ಸಣ್ಣ ಸ್ಟುಡಿಯೋಗೆ ಸೇರಿಕೊಂಡಾಗ ನಾನು ಮಾಡುತ್ತಿದ್ದದ್ದು ವೆಬ್‌ಸೈಟುಗಳ ನೆತ್ತಿಯ ಮೇಲೆ ಕೂರುವ ಬೋರ್ಡುಗಳನ್ನೇ, ಅಂದರೆ ಜಾಹೀರಾತಿನ ಬ್ಯಾನರ್‌ಗಳನ್ನು. ಅಳತೆ ಕೂಡ ಬೋರ್ಡಿನ ಹಾಗೆ ಮೊದಲೇ ನಿಗದಿ: 728ಕ್ಕೆ 90 ಪಿಕ್ಸೆಲ್, 300ಕ್ಕೆ 250, ಇಲ್ಲವೇ ಕಂಬದಂತೆ ನಿಲ್ಲುವ 160ಕ್ಕೆ 600. ಲಂಡನ್ನಿನ ಏಜೆನ್ಸಿ ಒಂದು ಮಾಸ್ಟರ್ ಬ್ಯಾನರ್ ಕಳಿಸುತ್ತಿತ್ತು, ಅದನ್ನು ಹನ್ನೆರಡು ಅಳತೆಗೆ, ಎಂಟು ಭಾಷೆಗೆ ಹೊಂದಿಸಿ ಬೆಳಗಾಗುವಷ್ಟರಲ್ಲಿ ವಾಪಸ್ ಕಳಿಸಬೇಕು. ನಮ್ಮ ಬಾಯಲ್ಲಿ ಅದು 'ಅಡಾಪ್ಟ್ಸ್'. ಪೋಲಿಷ್ ಭಾಷೆಯ ಒಂದಕ್ಷರ ಗೊತ್ತಿಲ್ಲದೆ ಪೋಲಿಷ್ ಬ್ಯಾನರ್ ಮಾಡಿದ್ದೇನೆ.

ಆಗ ಎಲ್ಲವೂ ಫ್ಲ್ಯಾಶ್ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ. ಟೈಮ್‌ಲೈನ್ ಮೇಲೆ ಚಿತ್ರ ಜೋಡಿಸಿ, ಫ್ರೇಮಿನ ಮೇಲೆ ಅದರದೇ ಕೋಡ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ ನಾಲ್ಕು ಸಾಲು ಬರೆದರೆ ಜಾಹೀರಾತು ಕುಣಿಯುತ್ತಿತ್ತು. ಕಷ್ಟವಿದ್ದದ್ದು ತೂಕದಲ್ಲಿ. ಒಂದು ಬ್ಯಾನರ್‌ಗೆ 30 ಕೆಬಿ, ಜಾಹೀರಾತು ಹಾಕಿಕೊಳ್ಳುವ ಸೈಟಿನವರು ಉದಾರಿಗಳಾದರೆ 40. ಒಂದು ಕಾರಿನ ಫೋಟೋ ಹಾಕಿದರೆ ಅಲ್ಲಿಗೇ 22 ಕೆಬಿ ಖರ್ಚು. ಜೆಪೆಗ್ ಗುಣಮಟ್ಟವನ್ನು 60ಕ್ಕೆ ಇಳಿಸು, ಕಾರಿನ ನೆರಳನ್ನು ಫೋಟೋದಿಂದ ಕಿತ್ತು ವೆಕ್ಟರ್‌ನಲ್ಲಿ, ಅಂದರೆ ಬರೀ ಗೆರೆ-ಬಿಂದುಗಳ ಲೆಕ್ಕದಲ್ಲಿ ಬಿಡಿಸು, ಚಕ್ರ ಒಂದನ್ನೇ ಸಿಂಬಲ್ ಮಾಡಿ ಎರಡು ಕಡೆ ಬಳಸು. ಮದುವೆ ಮನೆಯಲ್ಲಿ ನೂರು ಜನರ ಅಡುಗೆಯನ್ನು ಇನ್ನೂರು ಎಲೆಗೆ ಹಂಚಿದ ಹಾಗೆ.

ಕನ್ನಡ ಬ್ಯಾನರ್ ಬಂದರೆ ಇನ್ನೊಂದು ಪಾಡು. ಗ್ರಾಹಕರು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸುತ್ತಿದ್ದರು. ಅದನ್ನು ಫ್ಲ್ಯಾಶ್‌ಗೆ ಪೇಸ್ಟ್ ಮಾಡಿದರೆ ಒತ್ತಕ್ಷರ ಕಳಚಿಕೊಂಡು, 'ಲಕ್ಷ್ಮಿ' ಅನ್ನುವ ಹೆಸರು ನಾಲ್ಕು ತುಂಡಾಗಿ ಸಾಲಾಗಿ ನಿಲ್ಲುತ್ತಿತ್ತು. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಬುದ್ಧಿ ಬ್ರೌಸರಿನಲ್ಲಿ ಫ್ಲ್ಯಾಶ್ ಫೈಲು ಓಡಿಸುವ ಆಗಿನ ಫ್ಲ್ಯಾಶ್ ಪ್ಲೇಯರ್‌ಗೆ ಇರಲಿಲ್ಲ. 2008ರ ಹತ್ತನೇ ಆವೃತ್ತಿಯಲ್ಲಿ ಹೊಸ ಟೆಕ್ಸ್ಟ್ ಎಂಜಿನ್ ಬರುವ ತನಕ ಇದೇ ಗತಿ. ಹಾಗಾಗಿ ಇಡೀ ಪಠ್ಯವನ್ನು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡಿ, ಕಂಟ್ರೋಲ್-ಬಿ ಎರಡು ಸಲ ಒತ್ತುತ್ತಿದ್ದೆ. ಮೊದಲ ಸಲಕ್ಕೆ ಸಾಲು ಒಡೆದು ಬಿಡಿ ಅಕ್ಷರವಾಗುತ್ತದೆ, ಎರಡನೇ ಸಲಕ್ಕೆ ಅಕ್ಷರ ಬರೀ ಆಕಾರವಾಗುತ್ತದೆ. ಅಲ್ಲಿಗೆ ಅಕ್ಷರ ಕೆಡುವ ಭಯ ಹೋಯಿತು, ತೂಕದ ಭಯ ಶುರುವಾಯಿತು. ನಮ್ಮ ಲಿಪಿ ದುಂಡು ದುಂಡಗೆ ನೋಡಲು ಚೆಂದ, ಆದರೆ ಪ್ರತಿ ತಿರುವಿಗೂ ಒಂದೊಂದು ಬಿಂದು, ಪ್ರತಿ ಬಿಂದುವಿಗೂ ಒಂದಿಷ್ಟು ಬೈಟು. ಇಂಗ್ಲಿಷ್ ಬ್ಯಾನರ್ 28 ಕೆಬಿಗೆ ಮುಗಿದರೆ ಅದರ ಕನ್ನಡ ತಮ್ಮ 35 ದಾಟುತ್ತಿದ್ದ. 'ಆಪ್ಟಿಮೈಸ್' ಕೊಟ್ಟು ಬಿಂದು ಕಡಿಮೆ ಮಾಡುತ್ತಾ ಹೋದರೆ ಒಂದು ಹಂತದಲ್ಲಿ 'ಮ' ಹೋಗಿ 'ವ' ಆಗುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಣ್ಣಿನ ಲೆಕ್ಕ.

ನನ್ನ ಮೊದಲ ದೊಡ್ಡ ಎಡವಟ್ಟು ನಡೆದದ್ದು ಒಂದೇ ಒಂದು ಪದದಲ್ಲಿ. ಬ್ಯಾನರ್ ಒತ್ತಿದಾಗ ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸವನ್ನು ಜಾಹೀರಾತು ಹಂಚುವ ಆಡ್ ಸರ್ವರ್ 'ಕ್ಲಿಕ್‌ಟ್ಯಾಗ್' ಎಂಬ ಹೆಸರಿನಲ್ಲಿ ಒಳಗೆ ಕಳಿಸುತ್ತದೆ. ಸರ್ವರ್ ಅದರ 'ಟ್ಯಾಗ್' ಭಾಗವನ್ನು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯುತ್ತಿತ್ತು, ನಾನು ಟಿ ಒಂದನ್ನೇ ಕ್ಯಾಪಿಟಲ್ ಮಾಡಿದ್ದೆ. ಆರನೇ ಆವೃತ್ತಿಯ ಪ್ಲೇಯರ್‌ಗೆ ಪಬ್ಲಿಷ್ ಮಾಡುವಾಗ ಎರಡೂ ಒಂದೇ ಆಗಿತ್ತು. ಏಳಕ್ಕೆ ಬದಲಿಸಿದ ದಿನದಿಂದ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಶುಕ್ರವಾರ ಸಂಜೆ ಬ್ಯಾನರ್ ಲೈವ್ ಹೋಯಿತು. ಸೋಮವಾರ ಬೆಳಗ್ಗೆ ವರದಿ ಬಂತು: ಕ್ಲಿಕ್ ಮಾಡಿದವರಲ್ಲಿ ಒಬ್ಬರೂ ಗ್ರಾಹಕರ ಸೈಟ್ ತಲುಪಿಲ್ಲ. ಇವತ್ತಿಗೂ ಆ ಪದ ಟೈಪ್ ಮಾಡುವಾಗ ಒಮ್ಮೆ ನಿಂತು ನೋಡುತ್ತೇನೆ.

ಇದರ ನಡುವೆ ನನಗೆ ಹುಚ್ಚು ಹಿಡಿಸಿದ್ದು ಗೇಮ್. ಬ್ಯಾನರ್ ಒತ್ತಿದರೆ ತೆರೆದುಕೊಳ್ಳುವ ಪುಟ್ಟ ಆಟ, ಮೂಲೆಯಲ್ಲಿ ಕಂಪನಿಯ ಲೋಗೋ. 2007ರ ಫೆಬ್ರವರಿಯಲ್ಲಿ ಒಂದು ತಂಪುಪಾನೀಯದ ಕಂಪನಿ ವಿಶ್ವಕಪ್‌ಗೆಂದು ಕ್ರಿಕೆಟ್ ಗೇಮ್ ಕೇಳಿತು. ಎರಡು ಓವರ್, ಹನ್ನೆರಡು ಬಾಲ್, ಗರಿಷ್ಠ 72 ರನ್. ಹೆಚ್ಚು ರನ್ ಹೊಡೆದವರಿಗೆ ವಾರಕ್ಕೊಂದು ಬಹುಮಾನ. ಮೂರು ವಾರದಲ್ಲಿ ನಾನು, ಇನ್ನೊಬ್ಬ ಡಿಸೈನರ್, ಇಬ್ಬರೇ ಮುಗಿಸಿದೆವು.

ಕ್ಯಾಶುವಲ್ ಗೇಮಿನ ಜೀವ ಇರುವುದು ಟೈಮಿಂಗ್‌ನಲ್ಲಿ. ನಮ್ಮದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ. ಬೌಲರ್ ಕೈ ಬಿಟ್ಟ ಬಾಲ್ 18ನೇ ಫ್ರೇಮಿಗೆ ಬ್ಯಾಟ್ ತಲುಪುತ್ತಿತ್ತು, ಅಂದರೆ ಮುಕ್ಕಾಲು ಸೆಕೆಂಡು. ಆ ಫ್ರೇಮಿನ ಆಚೆ ಎರಡು, ಈಚೆ ಎರಡು ಫ್ರೇಮಿನೊಳಗೆ ಮೌಸ್ ಒತ್ತಿದರೆ ಶಾಟ್, ಇಲ್ಲದಿದ್ದರೆ ಬೌಲ್ಡ್. ಎರಡು ಫ್ರೇಮ್ ಅಂದರೆ ಸುಮಾರು 83 ಮಿಲಿಸೆಕೆಂಡ್. ಒಂದೇ ಫ್ರೇಮ್ ಕೊಟ್ಟು ನೋಡಿದೆವು, ಆಫೀಸಿನಲ್ಲಿ ಯಾರಿಗೂ ತಾಗಲಿಲ್ಲ. ಮೂರು ಕೊಟ್ಟರೆ ರಿಸೆಪ್ಷನ್‌ನಲ್ಲಿ ಕೂರುವವರು ಫೋನಿನಲ್ಲಿ ಮಾತಾಡುತ್ತಲೇ ಸಿಕ್ಸರ್ ಹೊಡೆದರು. ಎರಡು ಅಂತ ತೀರ್ಮಾನವಾಯಿತು.

ಸ್ಪರ್ಧೆ ಶುರುವಾದ ಎರಡನೇ ದಿನವೇ ಯಾರೋ ಪುಣ್ಯಾತ್ಮರು ಹನ್ನೆರಡು ಬಾಲಿಗೆ 4,000 ರನ್ ಹೊಡೆದಿದ್ದರು. ಸ್ಕೋರನ್ನು ನಾನು ವೆಬ್ ವಿಳಾಸದ ಬಾಲಕ್ಕೆ ಹಾಗೇ ಬರಿಮೈಯಲ್ಲಿ ಅಂಟಿಸಿ ಸರ್ವರ್‌ಗೆ ಕಳಿಸುತ್ತಿದ್ದೆ. ಬ್ರೌಸರ್‌ನಲ್ಲಿ ಅಂಕಿ ತಿದ್ದಿ ಎಂಟರ್ ಹೊಡೆದರೆ ಮುಗಿಯಿತು. ಸರ್ವರ್ ಕಡೆಯಲ್ಲಿ 72ರ ಮಿತಿ, ಆಟಕ್ಕೆ ಕನಿಷ್ಠ ಇಷ್ಟು ಸೆಕೆಂಡು ಹಿಡಿಯಲೇಬೇಕೆಂಬ ಲೆಕ್ಕ, ಎರಡನ್ನೂ ಸೇರಿಸಿದೆ. ಆದರೂ ಪಟ್ಟಿಯ ಮೇಲ್ಭಾಗದಲ್ಲಿ 66, 68 ಹೊಡೆದವರ ಒಂದು ಗುಂಪು ಕೂತಿತ್ತು. ಮಾಡಿದವನಾದ ನಾನೇ 50 ದಾಟಿರಲಿಲ್ಲ. ಇವರೂ ಕಳ್ಳರೇ ಎಂದುಕೊಂಡೆ.

ಯುಗಾದಿಗೆ ಊರಿಗೆ ಹೋದಾಗ ಗುಟ್ಟು ಬಯಲಾಯಿತು. ಅಪ್ಪನಿಗೆ ನನ್ನ 'ಬೋರ್ಡ್' ತೋರಿಸೋಣ ಅಂತ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ಗೆ ಕರೆದುಕೊಂಡು ಹೋದೆ. ವಿಂಡೋಸ್ 98 ಹಾಕಿದ ಹಳೇ ಯಂತ್ರ, ಎಫ್ ಅಕ್ಷರ ಸವೆದುಹೋದ ಕೀಬೋರ್ಡು. ಗೇಮ್ ತೆರೆದುಕೊಂಡಿತು. ಬೌಲರ್ ಓಡಿ ಬಂದ, ನೀರಿನಲ್ಲಿ ಓಡಿದ ಹಾಗೆ. ಬಾಲ್ ತೇಲಿಕೊಂಡು ಬಂತು. ಜೀವನದಲ್ಲಿ ಮೌಸ್ ಹಿಡಿಯದ ಅಪ್ಪ ಮೂರನೇ ಬಾಲಿಗೆ ಫೋರ್ ಹೊಡೆದರು.

"ಇದೇನೋ, ಕುಂಬ್ಳೆ ಇದಕ್ಕಿಂತ ಫಾಸ್ಟಾಗಿ ಹಾಕ್ತಾನಲ್ಲೋ" ಅಂದರು.

ಆ ಯಂತ್ರಕ್ಕೆ ಸೆಕೆಂಡಿಗೆ ಹನ್ನೊಂದು ಫ್ರೇಮ್ ತಳ್ಳುವುದೇ ಹೆಚ್ಚಾಗಿತ್ತು. ನಾನು ಬಾಲಿನ ವೇಗವನ್ನು ಫ್ರೇಮಿಗೆ ಇಷ್ಟು ಪಿಕ್ಸೆಲ್ ಅಂತ ಬರೆದಿದ್ದೆ. ಫ್ರೇಮ್ ನಿಧಾನವಾದರೆ ಬಾಲೂ ನಿಧಾನ. ನನ್ನ ಮುಕ್ಕಾಲು ಸೆಕೆಂಡು ಇಲ್ಲಿ ಒಂದೂವರೆ ದಾಟಿತ್ತು, 83 ಮಿಲಿಸೆಕೆಂಡಿನ ಸಂದು 180 ಆಗಿತ್ತು. ಬೆಂಗಳೂರಿನ ಐಟಿ ಕಂಪನಿಗಳ ಹೊಸ ಡೆಲ್‌ಗಳ ಮುಂದೆ ಕೂತವರು ಬೌಲ್ಡ್ ಆಗುತ್ತಿದ್ದಾಗ ಸಣ್ಣ ಊರಿನ ಸೈಬರ್ ಸೆಂಟರಿನ ಹುಡುಗರು ಆರಾಮಾಗಿ ಸಿಕ್ಸರ್ ಎತ್ತುತ್ತಿದ್ದರು. ಅವರು ಕಳ್ಳರಲ್ಲ, ಅವರ ಕಂಪ್ಯೂಟರ್ ಹಳೆಯದು ಅಷ್ಟೆ.

ವಾಪಸ್ ಬಂದು ಚಲನೆಯನ್ನೆಲ್ಲ ಗಡಿಯಾರಕ್ಕೆ ಕಟ್ಟಿದೆ. 'ಗೆಟ್‌ಟೈಮರ್' ಕರೆದರೆ ಗೇಮ್ ಶುರುವಾಗಿ ಎಷ್ಟು ಮಿಲಿಸೆಕೆಂಡಾಯಿತು ಎಂದು ಹೇಳುತ್ತದೆ. ಅದನ್ನು ನೋಡಿ ಬಾಲ್ ಎಲ್ಲಿರಬೇಕೋ ಅಲ್ಲಿ ಇಡುವುದು. ಆದರೆ ಆಗ ನಿಧಾನದ ಯಂತ್ರದಲ್ಲಿ ಬಾಲ್ ಜಿಗಿಜಿಗಿದು ಬರುತ್ತದೆ, ಬ್ಯಾಟನ್ನು ಮುಟ್ಟದೆ ಹಾರಿ ಹಿಂದೆ ಹೋಗಿಬಿಡುತ್ತದೆ. 'ಹಿಟ್‌ಟೆಸ್ಟ್' ಕೈಕೊಡುತ್ತದೆ. ಹಾಗಾಗಿ ಬಾಲ್ ಬ್ಯಾಟಿಗೆ ತಾಗಿತಾ ಅಂತ ನೋಡುವುದನ್ನೇ ಬಿಟ್ಟೆ. ಬಾಲ್ ತಲುಪಬೇಕಾದ ಹೊತ್ತು, ಮೌಸ್ ಒತ್ತಿದ ಹೊತ್ತು, ಎರಡರ ವ್ಯತ್ಯಾಸ ಮಾತ್ರ ನೋಡಿದೆ. ಪರದೆಯ ಮೇಲೆ ಕಾಣುವುದು ಬರೀ ನಾಟಕ, ತೀರ್ಪು ಗಡಿಯಾರದ್ದು. ಮುಂದೆ ನಾನು ಮಾಡಿದ ಪ್ರತಿ ಆಟಕ್ಕೂ ಬುನಾದಿ ಇದೇ.

ಹೊಸ ಆವೃತ್ತಿ ಗುರುವಾರ ಲೈವ್ ಆಯಿತು. ಮಾರ್ಚ್ 17ರಂದೇ ಬಾಂಗ್ಲಾದೇಶದ ಕೈಲಿ ಸೋತಿದ್ದ ನಮ್ಮ ದ್ರಾವಿಡ್ ತಂಡ 23ರ ಶುಕ್ರವಾರ ಶ್ರೀಲಂಕಾಗೂ 69 ರನ್‌ಗಳಿಂದ ಸೋತಿತು. ವಿಶ್ವಕಪ್ ನಮ್ಮ ಪಾಲಿಗೆ ಮೊದಲ ಸುತ್ತಿಗೇ ಮುಗಿಯಿತು. ಶನಿವಾರ ಬೆಳಗ್ಗೆ ಗ್ರಾಹಕರ ಫೋನ್: "ಕ್ರಿಕೆಟ್ ಅನ್ನೋದು ಎಲ್ಲೂ ಕಾಣಬಾರದು, ಎಲ್ಲಾ ತೆಗೀರಿ." ನನ್ನ ಜೀವನದ ಅತ್ಯುತ್ತಮ ಕೋಡ್ ಲೈವ್ ಇದ್ದದ್ದು ಎರಡು ದಿನ. ಸೆಪ್ಟೆಂಬರ್ 24ಕ್ಕೆ ಜೋಹಾನ್ಸ್‌ಬರ್ಗ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಟಿ20 ವಿಶ್ವಕಪ್ ಗೆದ್ದೆವಲ್ಲ, ಮಾರನೇ ದಿನವೇ ಅದೇ ಮನುಷ್ಯ ಫೋನ್ ಮಾಡಿ, "ಆ ಗೇಮ್ ಇದೆಯಲ್ಲಾ, ಜೆರ್ಸಿ ಬಣ್ಣ ಬದಲಿಸಿ ನಾಳೆ ಕೊಡ್ತೀರಾ?" ಅಂದರು. ಮೊದಲ ಬಿಲ್ಲಿನ ಅರ್ಧ ಇನ್ನೂ ಬಾಕಿಯಿತ್ತು.

ಫ್ಲ್ಯಾಶ್ ಸತ್ತ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಐಫೋನಿಗೆ ಅದು ಯಾಕೆ ಬೇಡ ಎಂದು ಬಹಿರಂಗ ಪತ್ರ ಬರೆದರು. ಮಾರನೇ ವರ್ಷ ನವೆಂಬರ್‌ನಲ್ಲಿ ಅದನ್ನು ತಯಾರಿಸುತ್ತಿದ್ದ ಅಡೋಬಿಯೇ ಮೊಬೈಲ್ ಫ್ಲ್ಯಾಶ್ ಕೈಬಿಟ್ಟಿತು. ಆಫೀಸಿನಲ್ಲಿ ಆಗಲೂ ನಾವು, "ಜಾಹೀರಾತಿಗೆ ಫ್ಲ್ಯಾಶ್ ಬೇಕೇ ಬೇಕು" ಅಂತ ಧೈರ್ಯ ಹೇಳಿಕೊಳ್ಳುತ್ತಿದ್ದೆವು. 2015ರ ಸೆಪ್ಟೆಂಬರ್‌ನಿಂದ ಕ್ರೋಮ್ ಫ್ಲ್ಯಾಶ್ ಬ್ಯಾನರ್‌ಗಳನ್ನು ತಾನೇ ತಡೆದು ನಿಲ್ಲಿಸತೊಡಗಿದಾಗ ಆ ಧೈರ್ಯವೂ ಹೋಯಿತು. ಆರು ಜನರ ಫ್ಲ್ಯಾಶ್ ತಂಡದಲ್ಲಿ ಉಳಿದವರು ಇಬ್ಬರು. ನಾನು ಉಳಿದದ್ದು ಜಾಣತನದಿಂದಲ್ಲ. 2012ರಲ್ಲಿ ಬೇರೆ ಕೆಲಸವಿಲ್ಲದೆ ಕೂತಿದ್ದಾಗ ಜಾವಾಸ್ಕ್ರಿಪ್ಟ್, ಫ್ಲ್ಯಾಶ್ ಇಲ್ಲದೆ ಬ್ರೌಸರಿನಲ್ಲೇ ಚಿತ್ರ ಬಿಡಿಸುವ ಕ್ಯಾನ್ವಾಸ್ ಕಲಿತಿದ್ದೆ.

ಹೊಸದರಲ್ಲಿ ಆ ಕ್ರಿಕೆಟ್ ಗೇಮನ್ನೇ ಮೊಬೈಲ್ ಬ್ರೌಸರ್‌ಗೆ ತಂದೆ. ಲೆಕ್ಕವೆಲ್ಲ ಗಡಿಯಾರದ್ದೇ ಆದ್ದರಿಂದ ಸಲೀಸು ಎಂದುಕೊಂಡಿದ್ದೆ. ಆಡಿದವರೆಲ್ಲ ಬೌಲ್ಡ್. ನಾನೂ ಬೌಲ್ಡ್. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಬೆರಳು ಮುಟ್ಟಿದ ಮೇಲೆ ಇನ್ನೊಂದು ಸಲ ಮುಟ್ಟಿ ಜೂಮ್ ಮಾಡುತ್ತಾರೇನೋ ಎಂದು ಆಗಿನ ಮೊಬೈಲ್ ಬ್ರೌಸರ್ 300 ಮಿಲಿಸೆಕೆಂಡ್ ಕಾಯುತ್ತಿತ್ತು, ಆಮೇಲೆ ಕ್ಲಿಕ್ ಅಂತ ಹೇಳುತ್ತಿತ್ತು. ನನ್ನ ಸಂದು 83. ಎಷ್ಟು ಚುರುಕಾದ ಕೈಯಾದರೂ ತಡವೇ. 'ಕ್ಲಿಕ್' ಬಿಟ್ಟು 'ಟಚ್‌ಸ್ಟಾರ್ಟ್' ಹಿಡಿದೆ, ಸರಿಹೋಯಿತು. ಒಂದೇ ಪದದ ಬದಲಾವಣೆ, ಈ ಸಲವೂ.

ಈಗ ಏಳೆಂಟು ವರ್ಷದಿಂದ ನನ್ನ ಅನ್ನ 'ಪ್ಲೇಯಬಲ್ ಆಡ್'ನದ್ದು. ಮೊಬೈಲ್ ಗೇಮ್ ಆಡುವಾಗ ನಡುವೆ ಬರುವ, ಇನ್‌ಸ್ಟಾಲ್ ಮಾಡುವ ಮುಂಚೆ ಮೂವತ್ತು ಸೆಕೆಂಡು ಆಡಿ ನೋಡಬಹುದಾದ ಜಾಹೀರಾತು. ಚಿತ್ರ, ಸದ್ದು, ಕೋಡ್ ಎಲ್ಲವೂ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿರಬೇಕು, ಸಾಮಾನ್ಯವಾಗಿ 5 ಎಂಬಿ ದಾಟಬಾರದು. ಚಿತ್ರಗಳನ್ನು ಬೇಸ್64 ಅಕ್ಷರಗಳಾಗಿ ಬದಲಿಸಿ ತುರುಕುತ್ತೇವೆ, ಹಾಗೆ ಮಾಡಿದರೆ ಮೂರನೇ ಒಂದು ಪಾಲು ತೂಕ ಹೆಚ್ಚುತ್ತದೆ. ಹೊಸ ಹುಡುಗರು 5 ಎಂಬಿ ಸಾಲದು ಎಂದು ಗೊಣಗುತ್ತಾರೆ. "ಇಲ್ಲಿ ಒತ್ತಿ" ಎಂದು ತೋರಿಸುವ ಬೆರಳಿನ ಚಿತ್ರ ಒಂದೇ 90 ಕೆಬಿ ಇಟ್ಟಿರುತ್ತಾರೆ. ನನ್ನ ಕಾಲದ ಮೂರು ಬ್ಯಾನರ್ ಅದು. ಬಾಯಿ ಬಿಡುವುದಿಲ್ಲ, ಸುಮ್ಮನೆ ಕುಗ್ಗಿಸಿ ಕೊಡುತ್ತೇನೆ.

ಬಾಯಿ ಬಿಡುವುದು ಬೇರೆ ಕಡೆ. ಆಡುವವರು ಸೋಲುವ ಹಾಗೆ ಬೇಕೆಂದೇ ಮಾಡಿ, "ಛೆ, ಇನ್ನೇನು ಗೆಲ್ತಿದ್ದೆ" ಅನಿಸಿ, ಇನ್‌ಸ್ಟಾಲ್ ಒತ್ತಿಸಿ ಅನ್ನುತ್ತಾರೆ ಗ್ರಾಹಕರು. ಅಷ್ಟಾದರೆ ಪರವಾಗಿಲ್ಲ. ಗೇಮಿನಲ್ಲಿ ಇಲ್ಲವೇ ಇಲ್ಲದ ಆಟವನ್ನು ಜಾಹೀರಾತಿನಲ್ಲಿ ತೋರಿಸಿ ಅಂತಲೂ ಕೇಳುತ್ತಾರೆ. ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2020ರಲ್ಲಿ ಎರಡು ಜನಪ್ರಿಯ ಗೇಮ್‌ಗಳ ಇಂಥ ಜಾಹೀರಾತುಗಳನ್ನು ದಾರಿ ತಪ್ಪಿಸುವಂಥವು ಎಂದು ತಡೆದಿದ್ದರು. ಆ ಸುದ್ದಿಯ ಪ್ರಿಂಟ್ ತೆಗೆದು ಮೇಜಿನ ಪಕ್ಕ ಅಂಟಿಸಿದ್ದೇನೆ. ಮೀಟಿಂಗಿನಲ್ಲಿ ನನ್ನ ಮಾತಿಗಿಂತ ಆ ಕಾಗದಕ್ಕೆ ಬೆಲೆ ಜಾಸ್ತಿ. ಬ್ಯಾನರ್ ಕಾಲದಲ್ಲೂ ಮುಚ್ಚುವ ಇಂಟು ಗುರುತನ್ನು ಆದಷ್ಟು ಚಿಕ್ಕದು ಮಾಡು ಎನ್ನುತ್ತಿದ್ದರು. ಆಗ ತೆಪ್ಪಗೆ ಮಾಡಿಕೊಟ್ಟಿದ್ದೇನೆ, ಅದನ್ನೂ ಹೇಳಬೇಕು.

ಕಳೆದ ದಸರಾ ರಜೆಯಲ್ಲಿ ಅಟ್ಟ ಶುಚಿ ಮಾಡುವಾಗ ಒಂದು ಸಿ.ಡಿ. ಸಿಕ್ಕಿತು. ಮೇಲೆ ಮಾರ್ಕರ್‌ನಲ್ಲಿ 'ಕ್ರಿಕೆಟ್ ಫೈನಲ್' ಎಂದು ಬರೆದಿತ್ತು. ಬ್ರೌಸರ್‌ಗಳಿಂದ ಫ್ಲ್ಯಾಶ್ ಹೋಗಿ ವರ್ಷಗಳಾದವು, ಆದರೆ ರಫಲ್ ಎಂಬ ಎಮ್ಯುಲೇಟರ್ ಇದೆ, ಹಳೇ ಫೈಲುಗಳನ್ನು ಬಹುಪಾಲು ಓಡಿಸುತ್ತದೆ. ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದೆ. ಬೌಲರ್ ಓಡಿ ಬಂದ. ಎರಡು ಬಾಲ್ ನೋಡುತ್ತಲೇ ತಿಳಿಯಿತು, ಇದು ಫೈನಲ್ ಅಲ್ಲ, ಗಡಿಯಾರಕ್ಕೆ ಕಟ್ಟುವ ಮುಂಚಿನದು. ತಿದ್ದಿದ ಆವೃತ್ತಿ ಎಲ್ಲೂ ಉಳಿದಿಲ್ಲ.

ಮಗಳು ನಾಲ್ಕು ಸಲ ಆಡಿದಳು. ಜಾಸ್ತಿ ಹೊಡೆದದ್ದು 14.

"ಬಾಲ್ ತುಂಬಾ ಫಾಸ್ಟು ಅಪ್ಪಾ, ಆಗಲ್ಲ ಇದು."

"ನಿಮ್ಮ ತಾತನ ಊರಲ್ಲಿ ನಿಧಾನವಾಗಿ ಬರ್ತಿತ್ತು" ಅಂದೆ.